ವಿಸಿಟಿಂಗ್ ಕಾರ್ಡ್ ನೀವೇ ಮಾಡ್ಕೊಳ್ಳಿ: ವರ್ಡ್‌ನಲ್ಲಿ ಒಂದು ಹಾಳೆಗೆ ಹತ್ತು ಕಾರ್ಡ್

ಹಣ್ಣು ತಿಂದವರು ರುಚಿ ಮರೆಯಲ್ಲ, ಬೆಳೆದವರ ಹೆಸರು ಮರೀತಾರೆ. ಮಾವು ಮೇಳ, ಕೃಷಿ ಮೇಳ, ಊರಿನ ಸಂತೆ, ಹೆದ್ದಾರಿ ಬದಿ ಹೀಗೆ ಎಲ್ಲೇ ಮಾರಿದರೂ ಇದೇ ಕತೆ. ಗಿರಾಕಿ ಎರಡು ಕೆಜಿ ತಗೊಂಡು ಹೋಗ್ತಾರೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದೆ ಅಂತಾರೆ, ಮತ್ತೆ ಬೇಕು ಅಂದಾಗ ನಿಮ್ಮನ್ನು ಹುಡುಕೋಕೆ ಅವರ ಹತ್ತಿರ ಏನೂ ಇರಲ್ಲ. ನಿಮ್ಮ ನಂಬರ್ ಬರ್ಕೊಂಡಿದ್ದರೂ ಅದು ಫೋನಿನಲ್ಲಿ ‘ಬಾಳೆಹಣ್ಣು’ ಅಂತ ಸೇವ್ ಆಗಿರತ್ತೆ. ಆರು ತಿಂಗಳ ನಂತರ ಆ ‘ಬಾಳೆಹಣ್ಣು’ ಯಾರು ಅಂತ ಅವರಿಗೇ ನೆನಪಿರಲ್ಲ.

ನಾನು ತೋಟಗಾರಿಕೆ ಓದಿದವನು. ಗಿಡಕ್ಕೆ ಯಾವಾಗ ಏನು ಕೊಡಬೇಕು, ಕಸಿ ಹೇಗೆ ಕಟ್ಟಬೇಕು ಅಂತ ಕಾಲೇಜಿನಲ್ಲಿ ಚೆನ್ನಾಗಿ ಹೇಳಿಕೊಟ್ಟರು. ಬೆಳೆದದ್ದನ್ನು ನಮ್ಮ ಹೆಸರಿನಲ್ಲಿ ಮಾರೋದು ಮಾತ್ರ ತೋಟ ಮಾಡುತ್ತಾ ಕಲಿತದ್ದು. ಏಲಕ್ಕಿ ಬಾಳೆ, ಹಲಸು, ಸೀತಾಫಲ, ನುಗ್ಗೆ ಬೆಳೆಯುವ ನನ್ನ ತೋಟಕ್ಕೆ ಇವತ್ತು ಮನೆಗಳಿಂದ ನೇರವಾಗಿ ಆರ್ಡರ್ ಬರ್ತವೆ. ಅದರಲ್ಲಿ ಒಂದು ದೊಡ್ಡ ಪಾಲು ಮೂರೂವರೆ ಇಂಚಿನ ಒಂದು ಕಾಗದದ ತುಂಡಿನಿಂದ ಬಂದದ್ದು. ಅದನ್ನು ಮಾಡೋಕೆ ಡಿಸೈನರ್ ಬೇಕಾಗಿಲ್ಲ. ವರ್ಡ್ ಇರುವ ಒಂದು ಕಂಪ್ಯೂಟರ್, ಒಂದು ಗಂಟೆ ಪುರುಸೊತ್ತು ಇದ್ದರೆ ಸಾಕು. ಈ ವಾರ ಅದನ್ನೇ ಮೊದಲಿನಿಂದ ಕೊನೆವರೆಗೆ ಹೇಳ್ತೀನಿ.

ವಾಟ್ಸ್‌ಆ್ಯಪ್ ಇರುವಾಗ ಕಾರ್ಡ್ ಯಾಕೆ?

ಹಲವರು ಕೇಳುವ ಪ್ರಶ್ನೆ ಇದು. ಸಂತೆಯಲ್ಲಿ ಗಿರಾಕಿಯ ಎರಡೂ ಕೈಯಲ್ಲಿ ಚೀಲ ಇರತ್ತೆ, ಹಿಂದೆ ಇನ್ನೊಬ್ಬರು ಕಾಯ್ತಿರ್ತಾರೆ. ಫೋನ್ ತೆಗೆದು ಹೆಸರು ಟೈಪ್ ಮಾಡಿ ಸೇವ್ ಮಾಡಿ ಅಂದ್ರೆ ಎಷ್ಟು ಜನ ಮಾಡ್ತಾರೆ? ಕಾರ್ಡನ್ನು ಚೀಲದೊಳಗೇ ಹಾಕಿಬಿಟ್ಟರೆ ಅದು ಹಣ್ಣಿನ ಜೊತೆ ಅಡುಗೆಮನೆಗೇ ಹೋಗತ್ತೆ. ಹಣ್ಣು ತಿಂದು ಖುಷಿಯಾದ ಹೊತ್ತಿಗೇ ನಂಬರ್ ಕೈಗೆ ಸಿಗತ್ತೆ. ಪಕ್ಕದ ಮನೆಯವರಿಗೆ ಕೊಡೋಕೂ ಅದೇ ಸುಲಭ.

ಸಾವಿರ ಕಾರ್ಡ್ ಒಟ್ಟಿಗೆ ಪ್ರಿಂಟ್ ಹಾಕಿಸೋದು ಅಗ್ಗ ಅನ್ನಿಸಬಹುದು. ಆದರೆ ನಮ್ಮ ಕಸುಬಿನಲ್ಲಿ ಬೆಳೆ ಬದಲಾಗತ್ತೆ, ನಂಬರ್ ಬದಲಾಗತ್ತೆ, ಈ ವರ್ಷ ಇದ್ದ ನುಗ್ಗೆ ಮುಂದಿನ ವರ್ಷ ಇರಲ್ಲ. ಫೈಲ್ ನಿಮ್ಮ ಹತ್ತಿರವೇ ಇದ್ದರೆ ಬೇಕಾದಷ್ಟೇ ಹಾಕಿಸ್ಕೊಳ್ಳಬಹುದು. ಹತ್ತು ಹಾಳೆಗೆ ನೂರು ಕಾರ್ಡ್. ಹಲಸಿನ ಕಾಲಕ್ಕೆ ಒಂದು ಕಾರ್ಡ್, ಅವರೆ ಕಾಲಕ್ಕೆ ಇನ್ನೊಂದು ಕಾರ್ಡ್ ಮಾಡೋದೂ ಸಾಧ್ಯ.

ಕಂಪ್ಯೂಟರ್ ಮುಟ್ಟೋಕೆ ಮುಂಚೆ: ಕಾರ್ಡಿನ ಮೇಲೆ ಯಾರ ಹೆಸರು?

ಇದು ಸಣ್ಣ ಪ್ರಶ್ನೆ ಅಲ್ಲ. ನಮ್ಮ ಪಕ್ಕದ ಊರಿನಲ್ಲಿ ಒಬ್ಬ ಅಕ್ಕ ಎರೆಗೊಬ್ಬರ ಮಾಡ್ತಾರೆ. ಸಗಣಿ ತರೋದು, ತೊಟ್ಟಿ ತುಂಬೋದು, ಜರಡಿ ಹಿಡಿಯೋದು, ಚೀಲ ಹೊಲಿಯೋದು ಎಲ್ಲ ಅವರೇ. ಅವರ ಮನೆಯವರು ಒಳ್ಳೆಯವರು, ಆದರೆ ಬೆಳಗ್ಗೆ ಕೆಲಸಕ್ಕೆ ಪಟ್ಟಣಕ್ಕೆ ಹೋದರೆ ಬರೋದು ರಾತ್ರಿ. ಹಿಂದೆ ಮಾಡಿಸಿದ್ದ ಕಾರ್ಡಿನಲ್ಲಿ ಇದ್ದದ್ದು ಯಜಮಾನರ ಹೆಸರು, ಯಜಮಾನರ ನಂಬರ್. ಗೊಬ್ಬರ ಬೇಕಾದವರು ಫೋನ್ ಮಾಡಿ "ಎಷ್ಟು ಚೀಲ ಇದೆ?" ಅಂದ್ರೆ, "ರಾತ್ರಿ ಮನೆಗೆ ಹೋಗಿ ಕೇಳಿ ಹೇಳ್ತೀನಿ" ಅನ್ನೋ ಉತ್ತರ. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ತಗೊಂಡಿರ್ತಾರೆ.

"ನನ್ನ ಹೆಸರು ಹಾಕಿದ್ರೆ ಏನಂದುಕೊಳ್ತಾರೋ" ಅಂತ ಅಕ್ಕ ಹಿಂಜರಿದರು. "ಗೊಬ್ಬರ ಮಾಡೋದು ಯಾರಕ್ಕಾ?" ಅಂತ ನಾನು ಕೇಳಿದೆ. ಅವರ ಮಗಳು ಪಿಯುಸಿ ಓದ್ತಾ ಇದ್ದಳು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತಿದ್ದಳು. ಅವಳೇ ಕೂತು ಅಮ್ಮನ ಹೆಸರಿನಲ್ಲಿ ಕಾರ್ಡ್ ಮಾಡಿದಳು. ಅದಕ್ಕಾಗಿಯೇ ಬೇರೆ ಸಿಮ್ ತಗೊಂಡರು. ಈಗ ಫೋನ್ ನೇರವಾಗಿ ಅಕ್ಕನಿಗೇ ಬರತ್ತೆ, ರೇಟು ಅವರೇ ಹೇಳ್ತಾರೆ, ದುಡ್ಡೂ ಅವರ ಖಾತೆಗೇ ಬೀಳತ್ತೆ. ಕಾರ್ಡಿನಲ್ಲಿ ಹೆಸರು ಇರೋದು ಅಂದ್ರೆ ವ್ಯವಹಾರ ಯಾರ ಕೈಯಲ್ಲಿದೆ ಅಂತ ಹೇಳೋದು. ನಿಮ್ಮ ಮನೆಯಲ್ಲೂ ಒಮ್ಮೆ ಯೋಚನೆ ಮಾಡಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ತೋಟವಾದರೆ ಇಬ್ಬರ ಹೆಸರೂ ಇರಲಿ. ಫೋನ್ ಎತ್ತಿ ಲೆಕ್ಕ ಹೇಳಬಲ್ಲವರ ನಂಬರ್ ಇರಲಿ.

ಏನು ಬರೀಬೇಕು, ಏನು ಬೇಡ

ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೀರಿ. ಮುಂದಿನ ಪುಟಕ್ಕೆ ಐದೇ ವಿಷಯ ಸಾಕು.

1. ತೋಟದ ಹೆಸರು, ಅಥವಾ ನಿಮ್ಮ ಹೆಸರು.
2. ಏನು ಸಿಗತ್ತೆ ಅನ್ನೋದು ಒಂದೇ ಸಾಲಿನಲ್ಲಿ. ‘ಎಲ್ಲಾ ರೀತಿಯ ಹಣ್ಣು ತರಕಾರಿಗಳು’ ಅಂತ ಬರೆದರೆ ಯಾರಿಗೂ ಏನೂ ನೆನಪುಳಿಯಲ್ಲ. ‘ಏಲಕ್ಕಿ ಬಾಳೆ, ಹಲಸು, ಸೀತಾಫಲ’ ಅಂತ ಬರೀರಿ.
3. ಫೋನ್ ನಂಬರ್, ಒಂದೇ. ಐದೈದು ಅಂಕಿಯಾಗಿ ಬಿಡಿಸಿ ಬರೆದರೆ ಓದೋಕೆ ಸುಲಭ.
4. ಊರು, ತಾಲ್ಲೂಕು, ಜಿಲ್ಲೆ. ಗುರುತಿಗೆ ಒಂದು ಮಾತು: ‘ಕೆರೆ ಏರಿ ಪಕ್ಕ’, ‘ಹಾಲಿನ ಡೇರಿ ಎದುರು’.
5. ಯಾವಾಗ ಸಿಗ್ತೀರಿ. ‘ಭಾನುವಾರ ತೋಟದಲ್ಲೇ ಮಾರಾಟ’ ಅಥವಾ ‘ಕರೆ ಮಾಡಲು ಸಂಜೆ 5ರ ನಂತರ’.

ಸರ್ವೆ ನಂಬರ್, ಆಧಾರ್, ಬ್ಯಾಂಕ್ ಖಾತೆ ಇವು ಯಾವುದೂ ಕಾರ್ಡಿನ ಮೇಲೆ ಬೇಡ. ರಾಷ್ಟ್ರ ಲಾಂಛನವನ್ನಂತೂ ಹಾಕಲೇಬೇಡಿ. ನಾಲ್ಕು ಸಿಂಹದ ಚಿತ್ರ ಖಾಸಗಿಯಾಗಿ ಬಳಸೋದನ್ನು ತಡೆಯೋಕೆ 2005ರ ಕಾಯ್ದೆಯೇ ಇದೆ. ಸಬ್ಸಿಡಿ ತಗೊಂಡಿದ್ದೀವಿ ಅಂತ ಇಲಾಖೆಯ ಲೋಗೋ ಹಾಕ್ಕೊಳ್ಳೋದೂ ಸರಿಯಲ್ಲ.

‘ಸಾವಯವ’ ಅನ್ನೋ ಪದದ ತೂಕ

ನಮ್ಮಂಥವರು ಹುಷಾರಾಗಿರಬೇಕಾದ ಜಾಗ ಇದು. ಸಾವಯವ ಆಹಾರದ ಬಗ್ಗೆ ಎಫ್‌ಎಸ್‌ಎಸ್‌ಎಐ 2017ರಲ್ಲಿ ನಿಯಮ ತಂದಿದೆ. ಅದರ ಪ್ರಕಾರ ಸಾವಯವ ಅಂತ ಹೇಳಿ ಮಾರೋಕೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣೀಕರಣ ಇರಬೇಕು. ಎನ್‌ಪಿಒಪಿಯಲ್ಲಿ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡತ್ತೆ. ಪಿಜಿಎಸ್‌ನಲ್ಲಿ ರೈತರ ಗುಂಪೇ ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸ್ತಾರೆ. ಸ್ವಂತ ಬೆಳೆಯನ್ನು ನೇರವಾಗಿ ತಿನ್ನುವವರಿಗೇ ಮಾರುವ ಸಣ್ಣ ಉತ್ಪಾದಕರಿಗೆ ಇದರಲ್ಲಿ ವಿನಾಯಿತಿ ಇದೆ. ಆದರೆ ಸಂಸ್ಕರಿಸಿದ ಪದಾರ್ಥಕ್ಕೆ ಆ ವಿನಾಯಿತಿ ಇಲ್ಲ.

ಹಾಗಾಗಿ ಕಾರ್ಡಿನಲ್ಲಿ ಹೀಗೆ ಮಾಡಿ. ಪ್ರಮಾಣಪತ್ರ ಇದ್ದರೆ ಅದರ ನಂಬರ್ ಹಾಕಿ. ಪಿಜಿಎಸ್‌ನಲ್ಲಿ ಪರಿವರ್ತನೆ ಹಂತದಲ್ಲಿದ್ದರೆ ಅದು ‘ಪಿಜಿಎಸ್ ಗ್ರೀನ್’, ಪೂರ್ತಿಯಾದ ಮೇಲಷ್ಟೇ ‘ಪಿಜಿಎಸ್ ಆರ್ಗ್ಯಾನಿಕ್’. ಇರೋದನ್ನೇ ಬರೀರಿ. ಪ್ರಮಾಣಪತ್ರ ಇಲ್ಲದಿದ್ದರೆ ಜೈವಿಕ ಭಾರತ, ಇಂಡಿಯಾ ಆರ್ಗ್ಯಾನಿಕ್ ಲೋಗೋಗಳನ್ನು ಗೂಗಲ್‌ನಿಂದ ಇಳಿಸಿ ಅಂಟಿಸಬೇಡಿ. ಅದರ ಬದಲು ನೀವು ಏನು ಮಾಡ್ತೀರೋ ಅದನ್ನು ಹೇಳಿ: ‘ಜೀವಾಮೃತ, ಎರೆಗೊಬ್ಬರದಲ್ಲಿ ಬೆಳೆದದ್ದು’, ‘ಬಾಳೆಗೆ ಹೊಗೆ ಕೊಟ್ಟು ಹಣ್ಣು ಮಾಡಿದ್ದು’. ಪದವಿ ಹೆಸರಿಗಿಂತ ಇಂಥ ಮಾತನ್ನೇ ಗಿರಾಕಿ ಹೆಚ್ಚು ನಂಬ್ತಾರೆ, ತೋಟಕ್ಕೆ ಬಂದು ನೋಡೋಕೂ ಅವರಿಗೆ ಅವಕಾಶ ಇರತ್ತೆ. ‘ಕಾರ್ಬೈಡ್ ಬಳಸಿಲ್ಲ’ ಅನ್ನೋದು ಹೆಚ್ಚುಗಾರಿಕೆ ಏನಲ್ಲ. ಕ್ಯಾಲ್ಸಿಯಂ ಕಾರ್ಬೈಡ್‌ನಲ್ಲಿ ಹಣ್ಣು ಮಾಡೋದು ಕಾನೂನಿನಲ್ಲೇ ನಿಷೇಧ.

ಉಪ್ಪಿನಕಾಯಿ, ಜಾಮ್, ಹಲಸಿನ ಚಿಪ್ಸ್ ಮಾಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಇರಲೇಬೇಕು, ಕಾರ್ಡಿನಲ್ಲೂ ಇದ್ದರೆ ನಂಬಿಕೆ ಬರತ್ತೆ. ಇನ್ನು ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತ, ಕಮಲಾಪುರ ಕೆಂಪು ಬಾಳೆ, ಬ್ಯಾಡಗಿ ಮೆಣಸಿನಕಾಯಿ ಇಂಥವು ಭೌಗೋಳಿಕ ಸೂಚಕ ಪಡೆದ ಹೆಸರುಗಳು. ಆ ಪ್ರದೇಶದಲ್ಲಿ ಬೆಳೆಯುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸ್ಕೊಂಡು ಹೆಮ್ಮೆಯಿಂದ ಹಾಕ್ಕೊಳ್ಳಿ. ಬೇರೆ ಕಡೆ ಬೆಳೆದ ಬಾಳೆಗೆ ನಂಜನಗೂಡಿನ ಹೆಸರು ಇಡಬೇಡಿ.

ಅಳತೆ: ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ

ಪರ್ಸಿನಲ್ಲಿ ಕೂರುವ ಅಳತೆ ಇದು, ಮಿಲಿಮೀಟರಿನಲ್ಲಿ ಸುಮಾರು 89 x 51. ಎ4 ಹಾಳೆ 8.27 ಇಂಚು ಅಗಲ, 11.69 ಇಂಚು ಎತ್ತರ ಇರತ್ತೆ. ಅಡ್ಡಕ್ಕೆ ಎರಡು, ಉದ್ದಕ್ಕೆ ಐದು ಕಾರ್ಡ್ ಹಾಕಿದರೆ 7 x 10 ಇಂಚು ಆಯ್ತು. ಸುತ್ತಲೂ ಸ್ವಲ್ಪ ಖಾಲಿ ಉಳಿಯತ್ತೆ, ಪ್ರಿಂಟರ್‌ಗೂ ಅಷ್ಟು ಅಂಚು ಬೇಕು. ಹೀಗೆ ಒಂದು ಹಾಳೆಗೆ ಹತ್ತು ಕಾರ್ಡ್.

ವರ್ಡ್‌ನಲ್ಲಿ ಮಾಡುವ ಕ್ರಮ

ಫೋನಿನಲ್ಲೂ ವರ್ಡ್, ಗೂಗಲ್ ಡಾಕ್ಸ್ ಇವೆ. ಆದರೆ ಅಳತೆ ಕೂರಿಸೋ ಕೆಲಸ ಸಣ್ಣ ಪರದೆಯಲ್ಲಿ ತಲೆನೋವು. ಫೋನಿನಲ್ಲಿ ಮಾಡೋದು ಇಷ್ಟು: ಜೀಬೋರ್ಡ್‌ನಲ್ಲಿ ಕನ್ನಡದಲ್ಲಿ ಸಾಲುಗಳನ್ನು ಟೈಪ್ ಮಾಡಿ ಅಥವಾ ಬಾಯಲ್ಲಿ ಹೇಳಿ ಬರೆಸಿ, ಹಣ್ಣಿನ ಫೋಟೋ ತೆಗೆದಿಟ್ಕೊಳ್ಳಿ, ಎರಡನ್ನೂ ನಿಮ್ಮ ಇಮೇಲ್‌ಗೇ ಕಳಿಸ್ಕೊಳ್ಳಿ. ಮಿಕ್ಕಿದ್ದಕ್ಕೆ ಸ್ನೇಹಿತರ ಲ್ಯಾಪ್‌ಟಾಪ್, ತಮ್ಮ ತಂಗಿಯ ಕಾಲೇಜು ಕಂಪ್ಯೂಟರ್, ಊರಿನ ಜೆರಾಕ್ಸ್ ಅಂಗಡಿ ಯಾವುದಾದರೂ ಆಗತ್ತೆ.

1. ವರ್ಡ್ ತೆರೆದು ಲೇಔಟ್‌ಗೆ ಹೋಗಿ, ಸೈಜ್‌ನಲ್ಲಿ ಎ4 ಆರಿಸಿ. ಮಾರ್ಜಿನ್ಸ್‌ನಲ್ಲಿ ಕಸ್ಟಮ್ ಒತ್ತಿ ಮೇಲೆ 0.84, ಕೆಳಗೆ 0.5, ಎಡ ಬಲ 0.63 ಇಂಚು ಕೊಡಿ. ಕೆಳಗಿನದು ಯಾಕೆ ಕಮ್ಮಿ ಅಂದ್ರೆ, ಟೇಬಲ್ ಮುಗಿದ ಮೇಲೆ ವರ್ಡ್ ತಾನಾಗೇ ಒಂದು ಖಾಲಿ ಸಾಲು ಇಡತ್ತೆ. ಅದಕ್ಕೆ ಜಾಗ ಇಲ್ಲದಿದ್ದರೆ ಸುಮ್ಮನೆ ಎರಡನೇ ಪುಟ ಹುಟ್ಟಿಕೊಳ್ಳತ್ತೆ.

2. ಇನ್‌ಸರ್ಟ್, ಟೇಬಲ್. ಎರಡು ಕಾಲಂ, ಐದು ರೋ.

3. ಇಡೀ ಟೇಬಲ್ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್, ಟೇಬಲ್ ಪ್ರಾಪರ್ಟೀಸ್. ರೋ ಅನ್ನೋ ಕಡೆ ಎತ್ತರ 2 ಇಂಚು, ಪಕ್ಕದಲ್ಲಿ ‘ಎಕ್ಸಾಕ್ಟ್ಲಿ’ ಆರಿಸಿ. ಇದನ್ನು ಬಿಟ್ಟರೆ ಅಕ್ಷರ ಹೆಚ್ಚಾದಂತೆ ಕಾರ್ಡ್ ಬೆಳೀತಾ ಹೋಗತ್ತೆ. ಕಾಲಂ ಅನ್ನೋ ಕಡೆ ಅಗಲ 3.5 ಇಂಚು.

4. ಅದೇ ಕಿಟಕಿಯಲ್ಲಿ ಟೇಬಲ್ ಅನ್ನೋ ಕಡೆ ಅಲೈನ್‌ಮೆಂಟ್ ‘ಸೆಂಟರ್’ ಇಡಿ. ಆಪ್ಷನ್ಸ್ ಒತ್ತಿ, ತಾನಾಗೇ ಅಳತೆ ಬದಲಿಸುವ ‘ಆಟೊಮ್ಯಾಟಿಕಲಿ ರೀಸೈಜ್’ ಟಿಕ್ ತೆಗೀರಿ. ಎಡ, ಬಲ, ಮೇಲೆ, ಕೆಳಗೆ ಸೆಲ್ ಮಾರ್ಜಿನ್ 0.15 ಇಂಚು ಕೊಡಿ. ಅಕ್ಷರ ಅಂಚಿಗೆ ತಾಗಿದರೆ ಕತ್ತರಿಸುವಾಗ ಹೋಗಿಬಿಡತ್ತೆ.

5. ಮೊದಲನೇ ಮನೆಯಲ್ಲಿ ಮಾತ್ರ ನಿಮ್ಮ ಕಾರ್ಡ್ ತಯಾರು ಮಾಡಿ. ಎಡಕ್ಕೆ ಅಕ್ಷರ, ಬಲಕ್ಕೆ ಫೋಟೋ ಅಥವಾ ಕ್ಯೂಆರ್ ಬೇಕಾದರೆ ಆ ಮನೆಯೊಳಗೇ ಎರಡು ಕಾಲಂನ ಇನ್ನೊಂದು ಸಣ್ಣ ಟೇಬಲ್ ಹಾಕಿ, ಅದರ ಗೆರೆ ತೆಗೀರಿ. ಫೋಟೋ ‘ಇನ್ ಲೈನ್ ವಿತ್ ಟೆಕ್ಸ್ಟ್’ ಆಗಿರಲಿ, ಕಾಪಿ ಮಾಡುವಾಗ ಜಾಗ ಬಿಟ್ಟು ಓಡಲ್ಲ.

6. ಒಂದು ಕಾರ್ಡ್ ಒಪ್ಪಿಗೆಯಾದ ಮೇಲಷ್ಟೇ ಕಾಪಿ ಮಾಡಿ ಮಿಕ್ಕ ಒಂಬತ್ತು ಮನೆಗೆ ಪೇಸ್ಟ್ ಮಾಡಿ. ಮೊದಲೇ ಪೇಸ್ಟ್ ಮಾಡಿದರೆ ಒಂದು ಅಕ್ಷರ ತಿದ್ದೋಕೆ ಹತ್ತು ಸಲ ತಿದ್ದಬೇಕು.

7. ಬಾರ್ಡರ್ ತೆಳು ಬೂದು ಬಣ್ಣದ್ದು ಇಡಿ. ಕತ್ತರಿಸೋಕೆ ದಾರಿ ತೋರಿಸತ್ತೆ, ಕಣ್ಣಿಗೆ ಹೊಡೆಯಲ್ಲ.

ವರ್ಡ್ ಇಲ್ಲದವರಿಗೆ ಲಿಬ್ರೆಆಫೀಸ್ ಇದೆ, ಪೂರ್ತಿ ಉಚಿತ. ಅದರಲ್ಲಿ ಫೈಲ್, ನ್ಯೂ, ಬಿಸಿನೆಸ್ ಕಾರ್ಡ್ಸ್ ಅಂತಲೇ ಒಂದು ದಾರಿ ಇದೆ. ಆಪ್ಷನ್ಸ್‌ನಲ್ಲಿ ‘ಸಿಂಕ್ರನೈಸ್ ಕಂಟೆಂಟ್ಸ್’ ಟಿಕ್ ಮಾಡಿದರೆ ಮೊದಲನೇ ಕಾರ್ಡ್ ತಿದ್ದಿ ಒಂದು ಬಟನ್ ಒತ್ತಿದಾಗ ಮಿಕ್ಕವೆಲ್ಲ ತಾವೇ ಬದಲಾಗ್ತವೆ.

ಕನ್ನಡ ಅಕ್ಷರದ ಕಾಟ, ಪರಿಹಾರ

ನಮ್ಮ ಕಡೆಯ ಕಾರ್ಡುಗಳಲ್ಲಿ ಅತಿ ಹೆಚ್ಚು ಕೆಡೋದು ಕನ್ನಡವೇ. ಕಾರಣ ಇದೆ. ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನುಡಿ, ಬರಹ ಆಸ್ಕಿ ಫಾಂಟುಗಳು ನಡೀತವೆ. ಆ ಫಾಂಟಿನಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಮಾತ್ರ ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣತ್ತೆ. ನಿಮ್ಮ ಫೋನಿನಲ್ಲಿ ಇರೋದು ಯೂನಿಕೋಡ್. ನೀವು ಕಳಿಸಿದ ಸಾಲು ಅಂಗಡಿಯವರ ಹಳೇ ಸಾಫ್ಟ್‌ವೇರ್‌ನಲ್ಲಿ ಕೂರದಿದ್ದಾಗ ಅವರು ಮತ್ತೆ ಟೈಪ್ ಮಾಡ್ತಾರೆ. ‘ತೋಟ’ ‘ತೊಟ’ ಆಗೋದು, ‘ಹಲಸು’ ‘ಹೊಲಸು’ ಆಗೋದು ಅಲ್ಲೇ. ಎರಡನೆಯದನ್ನು ಕಾರ್ಡಿನ ಮೇಲೆ ಓದಿದ ಗಿರಾಕಿ ಹಣ್ಣು ತಗೊಳ್ತಾರಾ ನೀವೇ ಹೇಳಿ!

ಆದ್ದರಿಂದ ಟೈಪ್ ಯೂನಿಕೋಡ್‌ನಲ್ಲೇ ಮಾಡಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ತುಂಗಾ ಫಾಂಟುಗಳು ಸಿಗ್ತವೆ. ಗೂಗಲ್ ಫಾಂಟ್ಸ್‌ನಿಂದ ನೋಟೋ ಸಾನ್ಸ್ ಕನ್ನಡ, ದಪ್ಪ ಹೆಸರಿಗೆ ಬಾಲೂ ತಮ್ಮ ಉಚಿತವಾಗಿ ಇಳಿಸ್ಕೊಳ್ಳಬಹುದು. ಒಂದು ಕಾರ್ಡಿನಲ್ಲಿ ಎರಡಕ್ಕಿಂತ ಹೆಚ್ಚು ಫಾಂಟ್ ಬೇಡ.

ಇನ್ನೆರಡು ವಿಷಯ ಗಮನದಲ್ಲಿರಲಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯತ್ತೆ. ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್ಲಿ’ ಅಂತ ಕೊಟ್ಟು ಅಂಕಿ ಕಮ್ಮಿ ಮಾಡಿದರೆ ‘ಏಲಕ್ಕಿ’ಯ ಕ ಒತ್ತು ಅರ್ಧ ಕತ್ತರಿಸಿ ಹೋಗತ್ತೆ. ‘ಸಿಂಗಲ್’ ಅಥವಾ ‘ಅಟ್ ಲೀಸ್ಟ್’ ಇಡಿ. ಎರಡನೆಯದು, ಲಿಬ್ರೆಆಫೀಸ್‌ನ ಕ್ಯಾರೆಕ್ಟರ್ ಕಿಟಕಿಯಲ್ಲಿ ಕನ್ನಡಕ್ಕೆ ಬೇರೆ ವಿಭಾಗ ಇದೆ, ಸಿಟಿಎಲ್ ಅಂತ. ಫಾಂಟ್, ಗಾತ್ರ ಅಲ್ಲಿ ಬದಲಿಸಿದರೆ ಮಾತ್ರ ಕನ್ನಡ ಬದಲಾಗತ್ತೆ. ಅಕ್ಷರ 9 ಪಾಯಿಂಟ್‌ಗಿಂತ ಸಣ್ಣದು ಬೇಡ. ಫೋನ್ ನಂಬರ್ 13, 14 ಪಾಯಿಂಟ್ ಇರಲಿ. ಕನ್ನಡಕ ಹಾಕುವ ಅಜ್ಜಿಯೂ ನಮ್ಮ ಗಿರಾಕಿಯೇ.

ಬೆಂಗಳೂರಿನಂಥ ಕಡೆ ಮಾರುವವರಿಗೆ ಹೆಸರು ಮತ್ತು ಬೆಳೆಯ ಸಾಲು ಇಂಗ್ಲಿಷಿನಲ್ಲೂ ಬೇಕಾಗತ್ತೆ. ಅದನ್ನು ಕನ್ನಡದ ಕೆಳಗೆ, ಸ್ವಲ್ಪ ಸಣ್ಣದಾಗಿ ಹಾಕಿ.

ಕ್ಯೂಆರ್ ಕೋಡ್: ಸ್ಕ್ಯಾನ್ ಮಾಡಿದರೆ ನೇರ ವಾಟ್ಸ್‌ಆ್ಯಪ್

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ವಾಹನದ ಬಿಡಿಭಾಗಗಳ ಲೆಕ್ಕ ಇಡೋಕೆ ಮಾಡಿದ್ದು. ಈಗ ನಮ್ಮ ಸೊಪ್ಪಿನ ಗಾಡಿಯ ಮೇಲೂ ಇದೆ. ಕಾರ್ಡಿನ ಮೇಲೆ ಪೇಮೆಂಟ್ ಕ್ಯೂಆರ್ ಹಾಕೋಕಿಂತ ವಾಟ್ಸ್‌ಆ್ಯಪ್ ಕ್ಯೂಆರ್ ಹಾಕೋದು ಲೇಸು. ಸ್ಕ್ಯಾನ್ ಮಾಡಿದ ತಕ್ಷಣ ನಿಮ್ಮ ಜೊತೆ ಚಾಟ್ ತೆರೆಯತ್ತೆ, ಗಿರಾಕಿ ನಂಬರ್ ಟೈಪ್ ಮಾಡಬೇಕಿಲ್ಲ.

ಉಚಿತವಾದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನ ಬಿಸಿನೆಸ್ ಟೂಲ್ಸ್‌ನಲ್ಲಿ ಶಾರ್ಟ್ ಲಿಂಕ್ ಮತ್ತು ಕ್ಯೂಆರ್ ಸಿಗತ್ತೆ. ಅದಿಲ್ಲದೆಯೂ ಮಾಡಬಹುದು. ‘ಡಬ್ಲ್ಯೂಎ ಡಾಟ್ ಎಂಇ’ ಅನ್ನೋ ವಿಳಾಸದ ಮುಂದೆ ಓರೆಗೆರೆ ಹಾಕಿ, 91 ಸೇರಿಸಿ ನಿಮ್ಮ ಹತ್ತು ಅಂಕಿ ಬರೆದರೆ ಅದೇ ನಿಮ್ಮ ಚಾಟ್ ಲಿಂಕ್. ಮುಂದೆ ಪ್ಲಸ್ ಚಿಹ್ನೆ, ಸೊನ್ನೆ, ಮಧ್ಯೆ ಖಾಲಿ ಜಾಗ ಬೇಡ. ಆ ಲಿಂಕನ್ನು ಲಿಬ್ರೆಆಫೀಸ್‌ನ ಇನ್‌ಸರ್ಟ್ ಮೆನುವಿನಲ್ಲಿರುವ ಕ್ಯೂಆರ್ ಸೌಲಭ್ಯಕ್ಕೆ ಕೊಟ್ಟರೆ ಅಲ್ಲೇ ಕೋಡ್ ತಯಾರು.

ವೆಬ್‌ಸೈಟುಗಳಲ್ಲಿ ಮಾಡ್ಕೊಳ್ಳುವವರು ಒಂದು ಎಚ್ಚರ ವಹಿಸಿ. ‘ಡೈನಾಮಿಕ್’ ಅಂತ ಕೊಡುವ ಕೋಡ್ ಅವರ ಸರ್ವರ್ ಮೂಲಕ ಹೋಗತ್ತೆ. ಉಚಿತ ಅವಧಿ ಮುಗಿದರೆ ಕೋಡ್ ನಿಂತುಹೋಗಬಹುದು, ಹಂಚಿದ ಕಾರ್ಡೆಲ್ಲ ದಂಡ. ‘ಸ್ಟ್ಯಾಟಿಕ್’ ಕೋಡೇ ಆರಿಸಿ. ಗಾತ್ರ ಕನಿಷ್ಠ 2 ಸೆಂಟಿಮೀಟರ್ ಇರಲಿ, ಬಿಳಿ ಮೇಲೆ ಕಪ್ಪು ಇರಲಿ, ಸುತ್ತ ಬಿಳಿ ಅಂಚು ಬಿಡಿ. ಪ್ರಿಂಟ್ ಆದ ಮೇಲೆ ಎರಡು ಮೂರು ಬೇರೆ ಬೇರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಹಿಂದಿನ ಪುಟದಲ್ಲಿ ಕೊಯ್ಲಿನ ಕ್ಯಾಲೆಂಡರ್

ಕಾರ್ಡನ್ನು ಜನ ಎಸೆಯದೆ ಇಟ್ಕೊಳ್ಳಬೇಕು ಅಂದ್ರೆ ಅದರಲ್ಲಿ ಅವರಿಗೆ ಉಪಯೋಗ ಇರಬೇಕು. ನಾನು ಹಿಂದುಗಡೆ ಯಾವ ತಿಂಗಳು ಏನು ಸಿಗತ್ತೆ ಅಂತ ಹಾಕ್ತೀನಿ. ನಮ್ಮ ಬಯಲುಸೀಮೆಗೆ ಹೀಗಿರತ್ತೆ:

ಏಪ್ರಿಲ್–ಜುಲೈ: ಹಲಸು, ಮಾವು
ಜೂನ್–ಜುಲೈ: ನೇರಳೆ
ಆಗಸ್ಟ್–ಅಕ್ಟೋಬರ್: ಸೀತಾಫಲ
ನವೆಂಬರ್–ಜನವರಿ: ಅವರೆ, ಬೆಟ್ಟದ ನೆಲ್ಲಿ
ವರ್ಷವಿಡೀ: ಏಲಕ್ಕಿ ಬಾಳೆ

ನಿಮ್ಮ ತೋಟದ ಲೆಕ್ಕ ನೀವೇ ಹಾಕ್ಕೊಳ್ಳಿ. ನೀವು ಬೆಳೆಯದೇ ಇರೋದನ್ನು ಸೇರಿಸಬೇಡಿ. ಇಂಥ ಕಾರ್ಡ್ ಫ್ರಿಜ್ ಮೇಲೆ ಅಂಟಿರತ್ತೆ. ಜುಲೈ ಕೊನೆಗೆ "ಸೀತಾಫಲ ಯಾವಾಗಿಂದ ಕೊಡ್ತೀರಿ?" ಅಂತ ಅವರೇ ಕೇಳ್ತಾರೆ. ಬೆಳೆಗೆ ಮುಂಚೆಯೇ ಗಿರಾಕಿ ಗೊತ್ತಿದ್ದರೆ ಮಂಡಿಯಲ್ಲಿ ಕೇಳಿದ ರೇಟಿಗೆ ತಲೆಯಾಡಿಸುವ ಪರಿಸ್ಥಿತಿ ಕಮ್ಮಿಯಾಗತ್ತೆ. ಇಡೀ ತೋಟದ ಹಣ್ಣನ್ನು ಕಾರ್ಡಿನಿಂದ ಮಾರೋಕಾಗಲ್ಲ ನಿಜ. ನನ್ನದೂ ಉಳಿದದ್ದು ಮಂಡಿಗೇ ಹೋಗತ್ತೆ. ಆದರೆ ನಾಲ್ಕು ಗೊನೆ ನನ್ನ ರೇಟಿಗೆ ಹೋದರೂ ಆ ವಾರದ ಕೂಲಿ ಹುಟ್ಟತ್ತೆ.

ಹಿಂದಿನ ಪುಟಕ್ಕೆ ಅದೇ ಟೇಬಲ್ ಇರುವ ಎರಡನೇ ಪುಟ ಮಾಡಿ. ಎರಡೂ ಪುಟದಲ್ಲಿ ಟೇಬಲ್ ನಡುವಿನಲ್ಲೇ ಇದ್ದರೆ ಮುಂದೆ ಹಿಂದೆ ಸರಿಯಾಗಿ ಕೂರತ್ತೆ. ಎರಡು ಬದಿ ಪ್ರಿಂಟ್ ಕೊಡುವಾಗ ‘ಫ್ಲಿಪ್ ಆನ್ ಲಾಂಗ್ ಎಡ್ಜ್’ ಆರಿಸಿ.

ಪ್ರಿಂಟ್ ಹಾಕಿಸುವಾಗ

ಅಂಗಡಿಗೆ ವರ್ಡ್ ಫೈಲ್ ಕೊಡಬೇಡಿ, ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಮಾಡಿ ಕೊಡಿ. ಫಾಂಟ್ ಅದರೊಳಗೇ ಹೋಗತ್ತೆ, ಮತ್ತೆ ಟೈಪ್ ಮಾಡುವ ಪ್ರಮೇಯವೇ ಬರಲ್ಲ. ಪಿಡಿಎಫ್ ಅನ್ನು ಮೊದಲು ನಿಮ್ಮ ಫೋನಿನಲ್ಲಿ ತೆರೆದು ಮನೆಯಲ್ಲಿ ಬೇರೆಯವರಿಗೆ ಓದೋಕೆ ಕೊಡಿ. ಬರೆದವರ ಕಣ್ಣಿಗೆ ತಪ್ಪು ಕಾಣಲ್ಲ. ನಂಬರ್ ಸರಿಯಿದೆಯಾ ಅಂತ ಕಾರ್ಡ್ ನೋಡಿಕೊಂಡೇ ಡಯಲ್ ಮಾಡಿ.

ಪ್ರಿಂಟ್ ಕಿಟಕಿಯಲ್ಲಿ ‘ಫಿಟ್’ ಅಲ್ಲ, ‘ಆ್ಯಕ್ಚುವಲ್ ಸೈಜ್’ ಅಥವಾ 100 ಪರ್ಸೆಂಟ್ ಇರಲಿ. ಮೊದಲು ಮಾಮೂಲಿ ಹಾಳೆಯಲ್ಲಿ ಒಂದು ತೆಗೆದು ಸ್ಕೇಲಿನಲ್ಲಿ ಅಳೀರಿ. ಕಾರ್ಡ್ ಅಗಲ 8.9 ಸೆಂಟಿಮೀಟರ್ ಬರಬೇಕು.

ಕಾಗದ: ಜೆರಾಕ್ಸ್ ಹಾಳೆ 70ರಿಂದ 80 ಜಿಎಸ್‌ಎಂ ಇರತ್ತೆ, ಕಾರ್ಡಿಗೆ ಅದು ತೆಳು. 250ರಿಂದ 300 ಜಿಎಸ್‌ಎಂ ಕೇಳಿ. ಪ್ರಿಂಟರ್ ಅಷ್ಟು ದಪ್ಪ ಎಳೆಯತ್ತಾ ಅಂತ ಅಂಗಡಿಯವರನ್ನೇ ಕೇಳ್ಕೊಳ್ಳಿ. ನಮ್ಮ ಕಾರ್ಡ್ ಇರೋದು ಒದ್ದೆ ಸೊಪ್ಪು, ಹಣ್ಣಿನ ಜೊತೆ. ಮಾಮೂಲಿ ಇಂಕ್‌ಜೆಟ್ ಶಾಯಿ ನೀರು ತಾಗಿದರೆ ಹರಡತ್ತೆ, ಲೇಸರ್ ಪ್ರಿಂಟ್ ತಡೆಯತ್ತೆ. ಪೂರ್ತಿ ಬಣ್ಣದ ಹಿನ್ನೆಲೆ ಬೇಡ. ಶಾಯಿ ದಂಡ, ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಗೆರೆ ಬೇರೆ ಕಾಣತ್ತೆ. ಪರದೆಯಲ್ಲಿ ಮಿಂಚುವ ಹಸಿರು ಕಾಗದದ ಮೇಲೆ ಮಂಕಾಗೋದು ಮಾಮೂಲಿ, ಹಾಗಾಗಿ ಗಾಢ ಹಸಿರು ಆರಿಸಿ. ಕಪ್ಪು ಬಿಳುಪು ಕಾರ್ಡೂ ಚೆನ್ನಾಗೇ ಕಾಣತ್ತೆ, ಖರ್ಚೂ ಕಮ್ಮಿ.

ಫೋಟೋ ಹಾಕುವವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ಬಳಸಬೇಡಿ, ಅದು ಕುಗ್ಗಿರತ್ತೆ. ಕ್ಯಾಮೆರಾದಲ್ಲಿ ತೆಗೆದ ಮೂಲ ಫೋಟೋವನ್ನೇ ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ಕಳಿಸಿ. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ, ಒಂದು ಇಂಚಿನ ಫೋಟೋಗೆ 300 ಪಿಕ್ಸೆಲ್ ಅಗಲ ಬೇಕು.

ನಂಬರ್ ಊರೆಲ್ಲ ಹರಡಿದ ಮೇಲೆ

ಕಾರ್ಡ್ ಹಂಚಿದ ಮೇಲೆ ಒಳ್ಳೆ ಕರೆಗಳ ಜೊತೆ ಕೆಟ್ಟವೂ ಬರಬಹುದು. ದೊಡ್ಡ ಆರ್ಡರ್ ಕೊಡ್ತೀವಿ, ಮುಂಗಡ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಯಾರಾದರೂ ಅಂದ್ರೆ ಅದು ಮೋಸ. ಯುಪಿಐನಲ್ಲಿ ಹಣ ಕಳಿಸೋಕೆ ಮಾತ್ರ ಪಿನ್ ಬೇಕು, ಪಡೆಯೋಕೆ ಬೇಕಿಲ್ಲ. ಈ ಮಾತನ್ನು ಮನೆಯಲ್ಲಿ ಫೋನ್ ಎತ್ತುವ ಎಲ್ಲರಿಗೂ ಹೇಳಿಕೊಡಿ. ಮೋಸ ಆಗಿಬಿಟ್ಟರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಕೊಂಡರೆ ಇನ್ನೂ ಒಳ್ಳೇದು, ಅದರಲ್ಲೂ ಹೆಣ್ಣುಮಕ್ಕಳು ನಡೆಸುವ ವ್ಯಾಪಾರಕ್ಕೆ.

ಕೊನೆಗೆ ಒಂದು ಪಟ್ಟಿ

* ಹೆಸರು, ನಂಬರ್, ಊರು ಇನ್ನೊಬ್ಬರು ಓದಿ ನೋಡಿದ್ದಾರಾ?
* ‘ಸಾವಯವ’ ಅಂತ ಬರೆದಿದ್ದರೆ ಅದಕ್ಕೆ ಆಧಾರ ಇದೆಯಾ?
* ಒತ್ತಕ್ಷರ ಪೂರ್ತಿ ಕಾಣ್ತಿದೆಯಾ?
* ಕ್ಯೂಆರ್ ಬೇರೆ ಫೋನಿನಲ್ಲಿ ಸ್ಕ್ಯಾನ್ ಆಗ್ತಿದೆಯಾ?
* ಪಿಡಿಎಫ್ ಮಾಡಿದ್ದೀರಾ? ಅಳತೆ 100 ಪರ್ಸೆಂಟ್ ಇದೆಯಾ?
* ಮೂಲ ವರ್ಡ್ ಫೈಲ್ ಗೂಗಲ್ ಡ್ರೈವ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಉಳಿಸಿದ್ದೀರಾ?

ಮೊದಲ ಸಲಕ್ಕೆ ಐದೇ ಹಾಳೆ ಹಾಕಿಸಿ, ಐವತ್ತು ಕಾರ್ಡ್. ಪ್ರತಿ ಚೀಲದಲ್ಲೂ ಒಂದೊಂದು ಹಾಕಿ. ಹೊಸಬರು ಫೋನ್ ಮಾಡಿದಾಗ "ನಮ್ಮ ನಂಬರ್ ಎಲ್ಲಿ ಸಿಕ್ತು?" ಅಂತ ಕೇಳಿ ಡೈರಿಯಲ್ಲಿ ಬರ್ಕೊಳ್ಳಿ. ಯಾವ ಸಂತೆಯಲ್ಲಿ ಕೊಟ್ಟ ಕಾರ್ಡ್ ಫಲ ಕೊಡ್ತಿದೆ ಅಂತ ಒಂದು ಸೀಸನ್ನಿನಲ್ಲೇ ಗೊತ್ತಾಗತ್ತೆ. ಅದನ್ನು ನೋಡಿಕೊಂಡು ಮುಂದಿನ ಐದು ಹಾಳೆ ಹಾಕಿಸಿ.